ಬೇರೆ ಲೋಕದ ಯೋಚನೆಯೂ ಸಾಯುವ ಯೋಚನೆಯೂ

ಯೌವನಸ್ಥನೊಬ್ಬನು ನಮ್ಮ ಬಳಿಗೆ ಬಂದು, ಲೋಕಗಳು ಅನೇಕವುಂಟು, ಇಲ್ಲಿ ಸತ್ತರೆ ಇನ್ನೊಂದರಲ್ಲಿ ಬದುಕಿರುವೆನೆಂದು ಹೇಳಿದನು. ಈ ಮಾತು ಹಬ್ಬಿದ್ದು 1957ರಲ್ಲಿ ಅಮೇರಿಕದ ಹ್ಯೂ ಎವರೆಟ್ ಎಂಬ ಪಂಡಿತನು ಪರಮಾಣುಗಳ ನಡತೆಯನ್ನು ಕುರಿತು ಬರೆದ ಲೇಖನದಿಂದ. ಅದು ಇನ್ನೂ ಸ್ಥಾಪಿತವಾಗಿಲ್ಲ. ಸತ್ತವನು ಬೇರೆಡೆಗೆ ದಾಟುವನೆಂದು ಆ ಲೇಖನವು ಹೇಳುವದೂ ಇಲ್ಲ. ಹೀಗೆ ವಾದಿಸಿ ನಾವು ಗೆದ್ದೆವು. ಅವನಾದರೋ ಇನ್ನಷ್ಟು ಮೌನವಾದನು. ದುಃಖವೇ ಆ ಮಾತನ್ನು ಹಿಡಿದುಕೊಂಡಿತ್ತೆಂದು ತಡವಾಗಿ ತಿಳಿದೆವು. “ತಮ್ಮಾ, ಸಾಯಬೇಕೆಂದು ತೋರುತ್ತದೋ?” ಎಂದು ನೆಟ್ಟಗೆ ಕೇಳಿದಾಗ ಅತ್ತು ಎಲ್ಲವನ್ನೂ ಹೇಳಿದನು. ಕೇಳುವದರಿಂದ ಆ ಯೋಚನೆ ಹುಟ್ಟುವದಿಲ್ಲ. ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡದೆ, ಹೊಲದ ಔಷಧವನ್ನು ಮನೆಯಿಂದ ದೂರ ಸಾಗಿಸಿ, ಬೆಳಗಾದೊಡನೆ ಜೊತೆಯಲ್ಲಿಯೇ ವೈದ್ಯರಲ್ಲಿಗೆ ಹೋದೆವು. ನೀವೂ ಹಾಗೆ ಮಾಡಿರಿ. ಸರ್ಕಾರದ ಟೆಲಿ-ಮಾನಸ್‌ಗೆ 14416ರಲ್ಲಿ ಹಗಲಿರುಳು ಫೋನು ಮಾಡಬಹುದು. ಕನ್ನಡದಲ್ಲಿಯೇ ಮಾತಾಡುವರು, ಹಣ ಕೇಳರು. ಆ ಯೋಚನೆ ನಿಮ್ಮದೇ ಆಗಿದ್ದರೆ, ಈ ಹೊತ್ತೇ ಒಬ್ಬರಿಗೆ ಹೇಳಿರಿ.