ಶಾಲೆಯ ಮೀನಿನ ತೊಟ್ಟಿಗೆ ಯಾವ ಫಿಲ್ಟರ್? – ಸಾರಜನಕ ಚಕ್ರದ ಒಂದು ಪಾಠ

ಸಾರಜನಕ ಚಕ್ರವನ್ನು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸಿದರೆ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಆ ಚಕ್ರ ನಿಂತರೆ ಏನಾಗುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಆದ್ದರಿಂದ ರಾಯಚೂರು ನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ, 8ನೇ ತರಗತಿಗೆ ಈ ಪಾಠವನ್ನು ಒಂದು ಆಯ್ಕೆಯ ಸಮಸ್ಯೆಯಾಗಿ ಕೊಟ್ಟೆ. ಶಾಲೆಯಲ್ಲಿ ಖಾಲಿ ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಜಲಸಸ್ಯ ಬೆಳೆಸಿ ಗಪ್ಪಿ ಮೀನು ಬಿಡಬೇಕು. ಇದ್ದ ಹಣಕ್ಕೆ ಒಂದೇ ಫಿಲ್ಟರ್ ಬರುತ್ತದೆ. ಆಯ್ಕೆ ತಪ್ಪಿದರೆ ಮೀನು ಸಾಯುತ್ತವೆ.

ಪೂರ್ವಜ್ಞಾನ

"ಫಿಲ್ಟರ್ ಏನು ಮಾಡುತ್ತದೆ?" ಎಂದು ಕೇಳಿದೆ. "ಹೊಲಸು ತೆಗೀತದ್ರಿ ಸರ್" ಎಂದು ಎಲ್ಲರೂ ಹೇಳಿದರು. ಇದು ಅರ್ಧ ಉತ್ತರ. ಮೀನಿನ ಕಿವಿರು ಮತ್ತು ಮಲದಿಂದ ಬರುವ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ತಿಳಿಯಾದ ನೀರಿನಲ್ಲೂ ಅದು ಮೀನನ್ನು ಕೊಲ್ಲಬಲ್ಲದು. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಗಿಡಗಳಿಗೆ ಅದು ಆಹಾರ. ಫಿಲ್ಟರ್ ಎಂದರೆ ಮುಖ್ಯವಾಗಿ ಈ ಬ್ಯಾಕ್ಟೀರಿಯಾಗಳ ಮನೆ.

ಮಾನ್ವಿ ಕಡೆಯ ಹುಡುಗಿ ಕೇಳಿದಳು: "ನಮ್ಮ ಗದ್ದ್ಯಾಗ ಯೂರಿಯಾ ಹಾಕ್ತಾರ್ರಿ ಸರ್, ಅದೂ ಅಮೋನಿಯಾ ಆಗ್ತದೇನ್ರಿ?" ಹೌದು, ಮಣ್ಣಿನಲ್ಲಿ ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ. ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ಚಟುವಟಿಕೆ 1: ಮೂರು ನೀರು

ಹಾಸ್ಟೆಲ್ ಮಕ್ಕಳು ಊರಿಗೆ ಹೋದಾಗ ನೀರು ತಂದಿದ್ದರು: ದೇವದುರ್ಗ ಕಡೆಯ ಬೋರ್‌ವೆಲ್ ನೀರು ಮತ್ತು ಮಾನ್ವಿ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಮೂರನೆಯದು ನಗರದ ನಲ್ಲಿ ನೀರು. ಕಾಲುವೆ ನೀರಿನ ತಳದಲ್ಲಿ ಮಣ್ಣು ನಿಂತಿತು. ಬೋರ್‌ವೆಲ್ ನೀರಿಗೆ ಸೋಪು ನೊರೆ ಕೊಡಲಿಲ್ಲ. ಅದು ಗಡಸು ನೀರು. ಗಪ್ಪಿಗೆ ಗಡಸು ನೀರು ಒಗ್ಗುತ್ತದೆ. ಆದರೆ ನೀರು ಕ್ಷಾರೀಯವಾಗಿದ್ದರೆ ಅಮೋನಿಯಾದ ವಿಷ ಹೆಚ್ಚುತ್ತದೆ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ; ಒಂದು ದಿನ ತೆರೆದಿಟ್ಟು ಬಳಸಬೇಕು.

ಚಟುವಟಿಕೆ 2: ಲೆಕ್ಕ ಮತ್ತು ಆಯ್ಕೆ

ತೊಟ್ಟಿಯ ಅಳತೆ 60 × 30 × 30 ಸೆಂ.ಮೀ.; ಘನಫಲ 54 ಲೀಟರ್. ಗಂಟೆಗೆ ನಾಲ್ಕು ಬಾರಿ ನೀರು ತಿರುಗಬೇಕೆಂದರೆ 216 ಲೀಟರ್. ಮೂರು ಗುಂಪುಗಳು ಮೂರು ಫಿಲ್ಟರ್‌ಗಳ ಪರ ವಾದಿಸಿದವು. ಡಬ್ಬಿಯಂಥ ಕ್ಯಾನಿಸ್ಟರ್‌ನಲ್ಲಿ ಬ್ಯಾಕ್ಟೀರಿಯಾಗಳಿಗೆ ಹೆಚ್ಚು ಜಾಗ, ಆದರೆ ಬೆಲೆ ಹೆಚ್ಚು. ತೊಟ್ಟಿಯ ಅಂಚಿಗೆ ತೂಗುಹಾಕುವ ಫಿಲ್ಟರ್ ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಮರಿಗಳನ್ನೂ ಎಳೆದುಕೊಳ್ಳಬಹುದು. ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಅಗ್ಗ, ಮರಿಗಳಿಗೆ ಸುರಕ್ಷಿತ.

ಆಗ ದೇವದುರ್ಗದ ಹುಡುಗ ಎದ್ದ: "ಸರ್, ಕರೆಂಟ್ ಹೋದ್ರ ಏನ್ ಮಾಡೋದ್ರಿ?"

ಚರ್ಚೆ ತಿರುಗಿದ್ದು ಇಲ್ಲಿ. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಮುಚ್ಚಿದ ಕ್ಯಾನಿಸ್ಟರ್‌ನಲ್ಲಿ ನೀರಿನ ಹರಿವು ನಿಂತರೆ ಅದು ಬೇಗ ಮುಗಿಯುತ್ತದೆ. ಸ್ಪಂಜ್ ತೊಟ್ಟಿಯ ನೀರಿನಲ್ಲೇ ಇರುವುದರಿಂದ ಹೆಚ್ಚು ಹೊತ್ತು ತಾಳುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಈ ಪ್ರಶ್ನೆ ಇನ್ನೂ ಗಂಭೀರ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 35 ಡಿಗ್ರಿಯಲ್ಲಿ ಸುಮಾರು 7 ಮಾತ್ರ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಬ್ಯಾಟರಿಯ ಸಣ್ಣ ಏರ್ ಪಂಪ್ ಸ್ಪಂಜನ್ನು ನಡೆಸಬಲ್ಲದು. ತರಗತಿ ಸ್ಪಂಜನ್ನೇ ಆರಿಸಿತು. ಗಿಡಗಳಿಗಾಗಿ ಹೈಡ್ರಿಲ್ಲಾ ಮತ್ತು ವ್ಯಾಲಿಸ್ನೇರಿಯಾ ಸಾಕು ಎಂದಾಯಿತು. ಅವು ಅಮೋನಿಯಾವನ್ನೂ ಹೀರುವುದರಿಂದ ಫಿಲ್ಟರ್‌ನ ಭಾರ ಇಳಿಯುತ್ತದೆ.

ಮೌಲ್ಯಮಾಪನ

ಮೂರು ಪ್ರಶ್ನೆ ಕೊಟ್ಟೆ. ಸ್ಪಂಜನ್ನು ನಲ್ಲಿಯ ಕೆಳಗೆ ಏಕೆ ತೊಳೆಯಬಾರದು? ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಏಕೆ ಇಡಬೇಕು? ಮೀನನ್ನೆಲ್ಲ ಮೊದಲ ದಿನವೇ ಏಕೆ ಬಿಡಬಾರದು? ಮೊದಲನೆಯದಕ್ಕೆ ಹೆಚ್ಚಿನವರು "ಕ್ಲೋರಿನ್" ಎಂದು ಬರೆದು, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು ಎಂದು ಸೇರಿಸಿದ್ದರು. ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪ್ ಹಾಳಾಗುತ್ತದೆ ಎಂಬುದನ್ನು ಕೆಲವರಷ್ಟೇ ಹಿಡಿದರು. ಮೂರನೆಯದಕ್ಕೆ ಒಬ್ಬಳ ಉತ್ತರ ಹೀಗಿತ್ತು: "ಮನೆ ಕಟ್ಟಿದ ಮೇಲೆ ಬ್ಯಾಕ್ಟೀರಿಯಾ ಬಂದು ನೆಲಸಲು ವಾರಗಳು ಬೇಕು."

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ತೊಟ್ಟಿ ಇಲ್ಲದ ಶಾಲೆಯಲ್ಲೂ ಈ ಪಾಠ ಮಾಡಬಹುದು. ಮೂರು ಬಾಟಲಿ ನೀರು, ಒಂದು ತುಂಡು ಸ್ಪಂಜು ಸಾಕು. ಮಕ್ಕಳ ಊರಿನ ನೀರು ಮಾತ್ರ ತಪ್ಪದೆ ತರಿಸಿರಿ.