ಹೆಸರು ಬಿಡಿ, ಬುಡ ಹಿಡಿಯಿರಿ

ಎಂ.ಟೆಕ್‌, ಎಂಸಿಎ ಸೇರಿ ಇಂಟರ್ನೆಟ್ ತಂತ್ರಜ್ಞಾನ ಓದುತ್ತಿರುವ ಮಕ್ಕಳು ನನ್ನನ್ನು ಮೊದಲು ಕೇಳುವುದು, "ಸರ್, ಈಗ ಯಾವುದಕ್ಕೆ ಡಿಮ್ಯಾಂಡ್?" ಕೇಳುವುದು ತಪ್ಪಲ್ಲ, ಮನೆಯಲ್ಲಿ ಸಾಲ ಮಾಡಿ ಫೀಸು ಕಟ್ಟಿರುತ್ತಾರೆ. ಆದರೆ ಎರಡು ವರ್ಷವೂ ಆ ಒಂದೇ ಪ್ರಶ್ನೆಯಲ್ಲಿ ಕಳೆದುಹೋಗುವುದನ್ನು ಕಂಡಾಗ ಸಂಕಟವಾಗುತ್ತದೆ.

ಬುಡ ಹಿಡಿಯುವುದೆಂದರೆ ಏನೆಂದು ಹೇಳಲು ಒಂದು ಹಳೆಯ ಘಟನೆ. 1986ರ ಅಕ್ಟೋಬರ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಅರ್ಧ ಕಿಲೋಮೀಟರ್ ದೂರವೂ ಇಲ್ಲ. ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದ ಇವೆರಡರ ನಡುವಿನ ಇಂಟರ್ನೆಟ್ ಸಂಪರ್ಕ ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ಅಲ್ಲಿನವರೇ ಆದ ವ್ಯಾನ್ ಜೇಕಬ್‌ಸನ್ ಮತ್ತು ಮೈಕ್ ಕ್ಯಾರೆಲ್ಸ್ ಯಾಕೆ ಹೀಗಾಯಿತೆಂದು ಪಟ್ಟು ಹಿಡಿದು ಹುಡುಕಿದರು. ದಾರಿ ತುಂಬಿ ಪ್ಯಾಕೆಟ್ ಬಿದ್ದುಹೋದರೆ ಕಂಪ್ಯೂಟರುಗಳು ಅದನ್ನೇ ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ಇನ್ನಷ್ಟು ಕಟ್ಟುತ್ತಿದ್ದವು. ಸ್ವಲ್ಪದರಿಂದ ಶುರುಮಾಡು, ಉತ್ತರ ಬಂದ ಹಾಗೆ ಹೆಚ್ಚಿಸು, ಪ್ಯಾಕೆಟ್ ಕಳೆದರೆ ಹಿಂದೆ ಸರಿ. 1988ರ ಅವರ ಪ್ರಬಂಧದ ಸಾರ ಇಷ್ಟೇ.

ಇಂದು ನೀವು ಹೊಸದೆಂದು ಓದುವ ಎಚ್‌ಟಿಟಿಪಿ 3 ಕ್ವಿಕ್ ಎಂಬ ಪ್ರೋಟೋಕಾಲ್ ಮೇಲೆ ನಡೆಯುತ್ತದೆ. 2021ರಲ್ಲಿ ಬಂದ ಆ ಕ್ವಿಕ್ ಮಾನದಂಡದಲ್ಲೂ ಜೇಕಬ್‌ಸನ್ ಅವರ ಆ ಪಾಠ ಹಾಗೇ ಕುಳಿತಿದೆ. ಅದನ್ನು ತಿಳಿದವರಿಗೆ ಮುಂದೆ ಬರುವುದೂ ಅರ್ಥವಾಗುತ್ತದೆ.

ನನ್ನ ಆತಂಕ ಇನ್ನೊಂದಿದೆ. ದುಡ್ಡು ಕೊಟ್ಟರೆ ಪ್ರಾಜೆಕ್ಟ್, ರಿಪೋರ್ಟ್, ಪಿಪಿಟಿ ಮೂರೂ ಸಿದ್ಧವಾಗಿ ಸಿಗುತ್ತವೆ. ದುಡ್ಡಿಲ್ಲದಿದ್ದರೆ ಎಐ ಬರೆದುಕೊಡುತ್ತದೆ. ವೈವಾದಲ್ಲಿ "ಈ ಸಾಲು ಯಾಕಪ್ಪಾ?" ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಬುದ್ಧಿವಂತ ಮಕ್ಕಳೇ ಹೀಗಾದಾಗ ಹೆಚ್ಚು ನೋವಾಗುತ್ತದೆ. ಎಐಯನ್ನು ಕೇಳಿ, ಬೇಡವೆನ್ನುವುದಿಲ್ಲ. ಅದು ಹೇಳಿದ್ದನ್ನು ನಿಮ್ಮ ಕೈಯಾರೆ ಪರೀಕ್ಷಿಸಿ.

ಖರ್ಚಿಲ್ಲದೆ ಇದನ್ನು ಮಾಡಬಹುದು. ಲ್ಯಾಪ್‌ಟಾಪಿಗೆ ವೈರ್‌ಶಾರ್ಕ್ ಹಾಕಿಕೊಂಡು ಒಂದು ಪುಟ ತೆರೆಯಿರಿ. ಸಿನ್, ಸಿನ್-ಆಕ್, ಆಕ್ ಎಂದು ಟಿಸಿಪಿ ಕೈಕುಲುಕುವುದನ್ನು ಕಣ್ಣಾರೆ ನೋಡಿ. ಆಮೇಲೆ ಲಿನಕ್ಸ್‌ನ ನೆಟ್‌ಎಮ್‌ನಿಂದ ನೂರಕ್ಕೆ ಎರಡು ಪ್ಯಾಕೆಟ್ ಬೇಕೆಂದೇ ಬೀಳಿಸಿ, ಅದೇ ಪುಟವನ್ನು ಎಚ್‌ಟಿಟಿಪಿ 2 ಮತ್ತು 3 ಎರಡರಲ್ಲೂ ತೆರೆದು ಹೋಲಿಸಿ. ಎಚ್‌ಟಿಟಿಪಿ 2ರಲ್ಲಿ ಒಂದು ಪ್ಯಾಕೆಟ್ ಬಿದ್ದರೆ ಅದು ಮರಳಿ ಬರುವ ತನಕ ಅದರ ಹಿಂದೆ ಬರುವವೆಲ್ಲ ಕಾಯುತ್ತವೆ. ಕ್ವಿಕ್‌ನಲ್ಲಿ ಆ ಪ್ಯಾಕೆಟ್ ಸೇರಿದ ಹರಿವು ಮಾತ್ರ ನಿಲ್ಲುತ್ತದೆ. ನಿಮ್ಮ ಸಂಪರ್ಕದಲ್ಲಿ ಎಷ್ಟು ವ್ಯತ್ಯಾಸ ಬಂತೆಂದು ಅಳೆದು ಬರೆದರೆ ಅದು ನಿಮ್ಮದೇ ಪ್ರಾಜೆಕ್ಟ್.

ಆರ್‌ಎಫ್‌ಸಿ ಓದುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಇಂಟರ್ನೆಟ್ ಮಾನದಂಡಗಳನ್ನು ಬರೆದಿಡುವ ಈ ದಾಖಲೆಗಳೆಲ್ಲವೂ ಉಚಿತ. ಕನ್ನಡ ಮಾಧ್ಯಮದಿಂದ ಬಂದವರು ಅವುಗಳ ಇಂಗ್ಲಿಷಿಗೆ ಹೆದರಬೇಡಿ, ಅಲ್ಲಿ ಅಲಂಕಾರವಿಲ್ಲ. ಆರ್‌ಎಫ್‌ಸಿ 9000 ಎಂದರೆ ಆ ಕ್ವಿಕ್ ಮಾನದಂಡವೇ. ಅದರಿಂದ ದಿನಕ್ಕೆ ಎರಡು ಪುಟ ಓದಿ, ಅರ್ಥವಾಗದ್ದನ್ನು ಗುರುತು ಹಾಕಿಕೊಂಡು ಮೇಷ್ಟ್ರನ್ನು ಕೇಳಿ.

ಯಾರದೋ ಪ್ರಾಜೆಕ್ಟಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದರೆ ಆ ದುಡ್ಡು ಹೋಗಲಿ ಬಿಡಿ. ಸಿನಾಪ್ಸಿಸ್ ಕೊಡುವ ಮುನ್ನವೇ ಗೈಡ್ ಬಳಿ ಹೋಗಿ ವಿಷಯ ಬದಲಿಸುತ್ತೇನೆಂದು ಹೇಳಿ.