ಸಣಕಲು ಮೈಗೂ ಎಂಡೊಮೆಟ್ರಿಯೋಸಿಸ್‌ಗೂ ನಂಟೇ?

ಪ್ರಶ್ನೆ: ಮಗಳಿಗೆ 18 ವರ್ಷ. ಚಿಕ್ಕಂದಿನಿಂದಲೂ ಸಣಕಲು. ಮುಟ್ಟಾದಾಗ ಹೊಟ್ಟೆನೋವಿನಿಂದ ಕಾಲೇಜು ತಪ್ಪಿಸುತ್ತಾಳೆ. ನನಗೆ ಎಂಡೊಮೆಟ್ರಿಯೋಸಿಸ್ ಇತ್ತು. ತೆಳ್ಳಗಿರುವವರಿಗೆ ಇದು ಹೆಚ್ಚಂತೆ. ಮೈ ತುಂಬಿಕೊಂಡರೆ ತಪ್ಪೀತೇ, ಡಾಕ್ಟರೇ?

ಉತ್ತರ: ನೀವು ಕೇಳಿದ್ದು ಸುಳ್ಳಲ್ಲಮ್ಮ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ, ಅಂಡಾಶಯ ಮುಂತಾದೆಡೆ ಬೆಳೆಯುವುದೇ ಈ ಕಾಯಿಲೆ. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ, ಲಕ್ಷಕ್ಕೂ ಹೆಚ್ಚು ನರ್ಸ್‌ಗಳ ಅಧ್ಯಯನದಲ್ಲಿ, 18ರ ಹರೆಯದಲ್ಲಿ ತೆಳ್ಳಗಿದ್ದವರಲ್ಲಿ ಇದು ಹೆಚ್ಚಾಗಿ ಕಂಡಿತು. ಡೆನ್ಮಾರ್ಕ್‌ನ ಶಾಲಾ ಬಾಲಕಿಯರ ದಾಖಲೆಗಳಲ್ಲೂ ಇದೇ ಪ್ರವೃತ್ತಿ ಕಂಡಿದೆ.

ಆದರೆ ನಂಟಿದೆ ಎಂದ ಮಾತ್ರಕ್ಕೆ ತೆಳ್ಳಗಿನ ಮೈಯೇ ಕಾರಣ ಎನ್ನಲಾಗದು. ಮೈ ತುಂಬಿಕೊಂಡವರಿಗೂ ಇದು ಬರುತ್ತದೆ. ತೂಕ ಹೆಚ್ಚಿಸುವುದು ಇದಕ್ಕೆ ಚಿಕಿತ್ಸೆಯಲ್ಲ. ಬಲವಂತವಾಗಿ ತುಪ್ಪ, ಸಿಹಿ ತಿನ್ನಿಸಬೇಡಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕಡಿಮೆಯಿದ್ದರೆ ಮೂಳೆಯ ಬಲಕ್ಕಾಗಿ, ರಕ್ತಹೀನತೆ ತಡೆಯಲು ಕಾಳು, ಸೊಪ್ಪು, ಹಾಲು, ಮೊಟ್ಟೆ ಚೆನ್ನಾಗಿ ತಿನ್ನಲಿ.

ತೂಕಕ್ಕಿಂತ ಮುಖ್ಯವಾದ ಸುಳಿವು ನಿಮ್ಮ ಪತ್ರದಲ್ಲೇ ಇದೆ: ತಾಯಿಗೆ ಈ ಕಾಯಿಲೆ ಇದ್ದರೆ ಮಗಳಿಗೆ ಬರುವ ಸಾಧ್ಯತೆ ಹೆಚ್ಚು. ಕಾಲೇಜು ತಪ್ಪಿಸುವಷ್ಟು ನೋವು ಸಹಜವಲ್ಲ. ಸ್ತ್ರೀರೋಗ ತಜ್ಞರಿಗೆ ತೋರಿಸಿ. ನಿಮ್ಮ ಕಾಯಿಲೆಯ ವಿಷಯವನ್ನೂ ಹೇಳಿ. ಮುಟ್ಟಿನ ದಿನಾಂಕ, ನೋವಿನ ತೀವ್ರತೆ, ಮಲಮೂತ್ರ ವಿಸರ್ಜನೆಯಲ್ಲಿ ನೋವಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಲಿ. ಸ್ಕ್ಯಾನಿಂಗ್ ಸರಿಯಾಗಿ ಬಂದರೂ ಕಾಯಿಲೆ ಇಲ್ಲವೆಂದಲ್ಲ. ನೋವು ನಿವಾರಕ, ಹಾರ್ಮೋನ್ ಮಾತ್ರೆಗಳಿಂದ ಹಲವರಿಗೆ ಆರಾಮ ಸಿಗುತ್ತದೆ. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತಿಗೆ ಕಿವಿಗೊಡದೆ, ಈಗಲೇ ತಪಾಸಣೆ ಮಾಡಿಸಿ.